ಹಳೇ ಮನೆ, ಹೊಸ ಹೆಂಚು

ಕಳೆದ ಬೇಸಿಗೆ ರಜೆಯಲ್ಲಿ ನಾನೂ ನನ್ನ ಮೊಮ್ಮಗಳೂ ಒಂದೇ ದಿನ, ಒಂದೇ ಜಾಗದಲ್ಲಿ ಬಿದ್ದೆವು. ಶ್ರೀನಿವಾಸಪುರದ ಹತ್ತಿರ ನನ್ನ ತಂಗಿಯ ಮಾವಿನ ತೋಪಿದೆ. ಹಣ್ಣಿನ ಬುಟ್ಟಿಯನ್ನು ಇಬ್ಬರೂ ಹಿಡಿದುಕೊಂಡು ಬದು ದಾಟುವಾಗ ಕಾಲು ಜಾರಿತು. ಅವಳಿಗೆ ಮೊಣಕಾಲು ತರಚಿತು. ನನಗೆ ಮೊಣಕಾಲಿನ ಕೆಳಗೆ ಗಾಯವಾಯಿತು. ಎಂಟು ದಿನಕ್ಕೆ ಅವಳ ಗಾಯದ ಹಕ್ಕಳೆ ಉದುರಿ, ಒಳಗಿನಿಂದ ಎಳೆಯ ಚರ್ಮ ಕಾಣಿಸಿತು. ನನ್ನದು ತಿಂಗಳಾದರೂ ಹಸಿಯಾಗಿಯೇ ಇತ್ತು.

“ತಾತಾ, ನನ್ನದು ಆಗಲೇ ಮಾಯ್ದು ಹೋಯ್ತು. ನಿನ್ನದು ಯಾಕೆ ಇನ್ನೂ ಹಾಗೇ ಇದೆ?” ಅಂದಳು.

ಈ ವಾರ ಆ ಪ್ರಶ್ನೆಗೇ ಉತ್ತರ ಹೇಳುತ್ತೇನೆ.

ನಮ್ಮೂರು ಮಾಲೂರು. ಹೆಂಚು, ಇಟ್ಟಿಗೆಗೆ ಹೆಸರಾದ ಊರು. ನಾನು ಚಿಕ್ಕವನಿದ್ದಾಗ ಮಳೆಗಾಲಕ್ಕೆ ಮುಂಚೆ ನಮ್ಮ ತಂದೆ ಏಣಿ ಹಾಕಿ ಮೇಲೆ ಹತ್ತಿ, ಒಡೆದ ಹೆಂಚು ತೆಗೆದು ಹೊಸದು ಕೂರಿಸುತ್ತಿದ್ದರು. ಮನೆ ಹಳೆಯದೇ, ಹೆಂಚು ಮಾತ್ರ ಹೊಸದು. ನಮ್ಮ ದೇಹವೂ ಹೀಗೆಯೇ, ಮಕ್ಕಳೇ. ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಕೋಶಗಳಿಂದ ಕಟ್ಟಿದ ಮನೆ ಅದು. ಸವೆದ ಕೋಶ ಹೋಗುತ್ತದೆ, ಆ ಜಾಗಕ್ಕೆ ಹೊಸದು ಬರುತ್ತದೆ. ಕರುಳಿನ ಒಳಪದರದ ಕೋಶಗಳು ನಾಲ್ಕೈದು ದಿನಕ್ಕೇ ಬದಲಾಗುತ್ತವೆ. ಚರ್ಮದ ಮೇಲ್ಪದರಕ್ಕೆ ಸುಮಾರು ಒಂದು ತಿಂಗಳು ಬೇಕು. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಹೋದವುಗಳ ಬದಲಿಗೆ ದೊಡ್ಡವರ ಮೂಳೆಯ ಮಜ್ಜೆಯಲ್ಲಿ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಹೊಸ ಕಣಗಳು ಹುಟ್ಟುತ್ತವೆ. ಕಲ್ಲಿನಂತೆ ಕಾಣುವ ಮೂಳೆಯೂ ವರ್ಷಕ್ಕೆ ಸುಮಾರು ಹತ್ತನೇ ಒಂದು ಭಾಗ ಹೊಸದಾಗುತ್ತದೆ.

ಹಾಗಾದರೆ ನನ್ನ ಗಾಯಕ್ಕೆ ಏನಾಗಿತ್ತು? ವಯಸ್ಸಾದಂತೆ ಈ ರಿಪೇರಿ ನಿಧಾನವಾಗುತ್ತದೆ, ನಿಜ. ಅದು ಯಾರ ತಪ್ಪೂ ಅಲ್ಲ. ಆದರೆ ಕೋಲಾರದಲ್ಲಿ ತೋರಿಸಿದಾಗ ಡಾಕ್ಟರು ಮೊದಲು ಕೇಳಿದ್ದು ವಯಸ್ಸನ್ನಲ್ಲ.

“ಬೀಡಿ ಸೇದ್ತೀರಾ ಮೇಷ್ಟ್ರೇ?”

ನಲವತ್ತು ವರ್ಷದ ಚಟ. ಮೊಮ್ಮಗಳು ಪಕ್ಕದಲ್ಲೇ ಕೂತಿದ್ದಳು, ಸುಳ್ಳು ಹೇಳಲಾಗಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆಯೂ ಹೆಚ್ಚಿತ್ತು. ಹೊಗೆಯಲ್ಲಿರುವ ನಿಕೋಟಿನ್ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗದಲ್ಲಿ ಕೂತುಬಿಡುತ್ತದೆ. ಮನೆ ರಿಪೇರಿಗೆ ಗಾರೆ ಕೆಲಸದವರು ಬಂದಿದ್ದಾರೆ, ಆದರೆ ಹೆಂಚಿನ ಗಾಡಿ ಬರುವ ದಾರಿಯೇ ಇಕ್ಕಟ್ಟು! ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ರಕ್ತನಾಳಗಳು ಹಾಳಾಗುತ್ತವೆ, ಕ್ರಿಮಿಗಳೊಂದಿಗೆ ಹೋರಾಡುವ ಬಿಳಿ ರಕ್ತಕಣಗಳೂ ಸೋಲುತ್ತವೆ.

ಅಂದು ದಾರಿಯಲ್ಲೇ ನಾವಿಬ್ಬರೂ ಒಪ್ಪಂದ ಮಾಡಿಕೊಂಡೆವು. ನಾನು ಬೀಡಿ ಬಿಡುವುದು, ಬೆಳಿಗ್ಗೆ ನಡೆಯುವುದು. ಅವಳು ರಾತ್ರಿ ಹನ್ನೊಂದರವರೆಗೆ ಮೊಬೈಲು ನೋಡುವುದನ್ನು ಬಿಟ್ಟು ಒಂಬತ್ತಕ್ಕೆ ಮಲಗುವುದು. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಒಸರುವುದು ಗಾಢ ನಿದ್ದೆಯಲ್ಲಿ. ಮಕ್ಕಳಿಗೆ ಒಂಬತ್ತು ಗಂಟೆಗೆ ಕಡಿಮೆಯಿಲ್ಲದ ನಿದ್ದೆ ಬೇಕು. ಇನ್ನು ರಿಪೇರಿಗೆ ಬೇಕಾದ ಸಾಮಾನು ನಮ್ಮ ಅಡುಗೆಮನೆಯಲ್ಲೇ ಇದೆ. ಅವರೆಕಾಳು, ಹುರುಳಿ, ಮೊಟ್ಟೆಯಲ್ಲಿ ಪ್ರೋಟೀನು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ. ಸಕ್ಕರೆ ಕಾಯಿಲೆಯವರಿಗೆ ಮುದ್ದೆಯೂ ಅಳತೆಯಲ್ಲೇ ಇರಬೇಕು. ನನ್ನ ತಟ್ಟೆಯಲ್ಲಿ ಈಗ ಮುದ್ದೆ ಚಿಕ್ಕದು, ಸೊಪ್ಪು ದೊಡ್ಡದು.

ಒಂದು ಎಚ್ಚರ. ಎಲ್ಲ ಹೆಂಚನ್ನೂ ಬದಲಿಸಲಾಗದು. ಮೆದುಳಿನ ನರಕೋಶಗಳಲ್ಲಿ ಹೆಚ್ಚಿನವು ಜೀವನಪೂರ್ತಿ ಅವೇ. ಹಲ್ಲಿನ ಮೇಲಿನ ಎನಾಮಲ್ ಕೂಡ ಬಾಲ್ಯದಲ್ಲಿ ಒಮ್ಮೆ ಕಟ್ಟಿಕೊಂಡರೆ ಮುಗಿಯಿತು. ನಮ್ಮ ಮುಳಬಾಗಿಲು, ಶ್ರೀನಿವಾಸಪುರ ಕಡೆ ಹಲವು ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ಎಳೆಯ ವಯಸ್ಸಿನಲ್ಲಿ ಕುಡಿದರೆ ಹಲ್ಲಿನ ಮೇಲೆ ಬಿಳಿ, ಕಂದು ಕಲೆಗಳು ಉಳಿದುಬಿಡುತ್ತವೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆದ್ದರಿಂದ ಚಿಕ್ಕ ಮಕ್ಕಳಿಗೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರನ್ನೇ ಕೊಡಿ.

ನನ್ನ ಓರಗೆಯ ಅಜ್ಜ ಅಜ್ಜಿಯರಿಗೂ ಒಂದು ಮಾತು. ಎರಡು ವಾರವಾದರೂ ಮಾಯದ ಗಾಯವಿದ್ದರೆ, ಹೊಗೆಸೊಪ್ಪು ಹಾಕುವವರ ಬಾಯಲ್ಲಿ ಹುಣ್ಣಿದ್ದರೆ, ಅರಿಶಿನ ಹಚ್ಚಿ ಸುಮ್ಮನಿರಬೇಡಿ. ಡಾಕ್ಟರಿಗೆ ತೋರಿಸಿ.

ಬೀಡಿ ಬಿಡುವುದು ಸುಲಭವಾಗಲಿಲ್ಲ. ಎರಡು ಸಲ ಮಾತು ತಪ್ಪಿದೆ. ಮೊಮ್ಮಗಳು ಜಗಳವಾಡಲಿಲ್ಲ. ಆ ಎರಡು ರಾತ್ರಿ ಅವಳೂ ಹನ್ನೊಂದರವರೆಗೆ ಮೊಬೈಲು ನೋಡಿದಳು. ಮೂರನೇ ಸಲ ನನಗೆ ಧೈರ್ಯ ಬರಲಿಲ್ಲ. ಗಾಯ ಈಗ ಮಾಯ್ದಿದೆ, ಕಪ್ಪು ಕಲೆಯೊಂದು ಉಳಿದಿದೆ. ಪ್ರತಿ ಶನಿವಾರ ಅವಳು ಮೊದಲು ಆ ಕಲೆ ನೋಡುತ್ತಾಳೆ, ಆಮೇಲೆ ನನ್ನ ಅಂಗಿಯ ಜೇಬು ನೋಡುತ್ತಾಳೆ.

ಮಕ್ಕಳೇ, ಈ ಭಾನುವಾರ ನೀವೂ ನಿಮ್ಮ ತಾತನ ಜೇಬು ಒಮ್ಮೆ ನೋಡಿ. ಆದರೆ ಅದಕ್ಕೆ ಮುಂಚೆ ನಿಮ್ಮ ದಿಂಬಿನ ಕೆಳಗಿರುವ ಮೊಬೈಲನ್ನು ತಂದು ಅವರ ಕೈಗೆ ಕೊಡಿ.