ಚಂದ ಕಾಣಸ್ತದಂತ ‘ಸಾವಯವ’ ಮುದ್ರಿ ಹಚ್ಚಬ್ಯಾಡ್ರಿ

ಈ ಸಲ ಹೊಲದ ಸುದ್ದಿ ಅಲ್ಲ, ಮೊಬೈಲಿನ ಸುದ್ದಿ. ಆದ್ರ ಮಾಲು ಮಾರೋದಕ್ಕ ಸಂಬಂಧ ಅದ, ಪೂರ್ತಿ ಓದ್ರಿ.

ನಾವು ದ್ರಾಕ್ಷಿ ಬೆಳದು, ಡಿಪ್ಪಿಂಗ್ ಆಯಿಲಿನಾಗ ಅದ್ದಿ, ಶೆಡ್ಡಿನಾಗ ಒಣಗಿಸಿ, ಬಾಕ್ಸ್ ತುಂಬಿ ಸಾಂಗ್ಲಿ, ತಾಸಗಾವಕ್ಕ ಕಳಸ್ತೀವಿ. ಅಲ್ಲಿಂದ ಮುಂದ ಅದು ಯಾವ ಊರಿನ ಮಣೂಕ ಅಂತ ತಿನ್ನೋರಿಗೆ ಗೊತ್ತಾಗೂದಿಲ್ಲ. ಬಾಜೂಕಿನ ಕೊಲ್ಹಾರದ ಮೊಸರಿಗೆ ಮಣ್ಣಿನ ಗಡಿಗೀನೇ ಗುರುತು. ನಮ್ಮ ಮಣೂಕಕ್ಕ ಅಂಥಾ ಗುರುತಿಲ್ಲ. ಅದಕ್ಕ ಅರ್ಧ ಕಿಲೋ ಪಾಕೀಟ ಮಾಡಿ ನಾನೇ ಮಾರೋಣು ಅಂತ ಲೇಬಲ್ ಮಾಡ್ಲಿಕ್ಕೆ ಕುಂತೆ.

ಮಗಳು ಕ್ಯಾನ್ವಾ ತೋರಿಸಿದಳು. ತಯಾರಿದ್ದ ನಮೂನಿ ತಗೊಂಡು ಅಕ್ಷರ, ಬಣ್ಣ, ಫೋಟೋ ಬದಲು ಮಾಡೋದು, ಅಷ್ಟ. ಕಿರೀಟದ ಗುರುತು ಇದ್ದದ್ದಕ್ಕ ರೊಕ್ಕ ಕೊಡಬೇಕು. ಉಳಿದದ್ದರಾಗೇ ನಮ್ಮ ಕೆಲಸ ಆಗ್ತದ. ಹಳೇ ನುಡಿ ಫಾಂಟಿನಾಗ ಟೈಪ್ ಮಾಡಿದ್ದನ್ನ ತಂದು ಅಂಟಿಸಿದ್ರ ಇಂಗ್ಲಿಷ್ ಅಕ್ಷರ ಚೆಲ್ಲಾಪಿಲ್ಲಿ ಬರ್ತಾವು. ಯುನಿಕೋಡ್ ಕನ್ನಡ ಬೇಕು. ಮೊಬೈಲಿನ ಕನ್ನಡ ಕೀಬೋರ್ಡಿನಾಗ ಹೊಡದ್ರ ಸರಿ ಬರ್ತದ.

ಎರಡ ದಿನದಾಗ ಲೇಬಲ್ ತಯಾರಾತು. ಹಸರ ಎಲಿ, ಕರೀ ದ್ರಾಕ್ಷಿ ಗೊನಿ, ಮೂಲ್ಯಾಗ ‘100% ಸಾವಯವ’ ಅಂತ ಗುಂಡನೇ ಮುದ್ರಿ. ಭಾಳ ಖುಷಿ ಆತು. ನಮ್ಮ ಕಾಕಾಗ ತೋರಿಸಿದೆ. ಅವರು ಎರಡ ಮಾತ ಕೇಳಿದ್ರು: “ತಮ್ಮಾ, ನಿನ್ನ ತ್ವಾಟದಾಗ ಕರೀ ದ್ರಾಕ್ಷಿ ಯಾವಾಗ ಹಚ್ಚಿದಿ? ಮೊನ್ನೆ ಗಂಧಕದ ಹೊಗಿ ಕೊಟ್ಟದ್ದು ಯಾರು?”

ಬಾಯಿ ಮುಚ್ಚಿತು. ಸುಳ್ಳು ಹೇಳಬೇಕಂತ ನಾನು ಹಚ್ಚಿದ್ದಲ್ಲ, ಚಂದ ಕಾಣತಿತ್ತು ಅಂತ ಹಚ್ಚಿದ್ದೆ. ಆದ್ರ ಕೊಳ್ಳಾಂವಗ ಎರಡೂ ಒಂದೇ. ಸಾವಯವ ಅಂತ ಬರೀಬೇಕಂದ್ರ ಸಾಮಾನ್ಯವಾಗಿ ಪ್ರಮಾಣಪತ್ರ ಬೇಕು, ಅದು ಕಾನೂನು. ಗಂಧಕದ ಅಂಶ ಕಿಲೋಕ್ಕ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ರ ‘ಸಲ್ಫೈಟ್ ಅದ’ ಅಂತ ಲೇಬಲ್ಲಿನಾಗ ಹೇಳಬೇಕು. ಕೆಲವರಿಗೆ ಅದು ಆಗಿಬರೂದಿಲ್ಲ.

ಮುದ್ರಿ ತಗದೆ. ನಮ್ಮ ಶೆಡ್ಡಿನಾಗಿನ ಮಣೂಕದ ಫೋಟೋ ಹಾಕಿದೆ. ಹೆಸರು, ಊರು, ತೂಕ, ಬೆಲೆ, ಬ್ಯಾಚ್ ನಂಬರ್, ತಯಾರಿಸಿದ ತಾರೀಖು, ಎಷ್ಟ ದಿನ ಬಾಳ್ತದ, ಹಸರ ಚುಕ್ಕಿಯ ಸಸ್ಯಾಹಾರಿ ಗುರುತು, ಎಫ್ಎಸ್ಎಸ್ಎಐದ 14 ಅಂಕಿಯ ನಂಬರ್, ಎಲ್ಲಾ ಬರದೆ. ಪ್ರಿಂಟಿಗೆ ‘ಪಿಡಿಎಫ್ ಪ್ರಿಂಟ್’ ಅಂತ ಇಳಿಸಿಕೊಂಡು, ವಾಟ್ಸಾಪಿನಾಗ ಫೋಟೋ ಅಂತಲ್ಲ, ಡಾಕ್ಯುಮೆಂಟ್ ಅಂತ ಕಳಸ್ರಿ. ಫೋಟೋ ಆಗಿ ಹ್ವಾದ್ರ ಅಕ್ಷರ ಮಸುಕಾಗ್ತಾವು.

“ರೈತಗ ಇದೆಲ್ಲ ಯಾಕ, ಅಂಗಡ್ಯಾಗ ಕೊಟ್ರ ಮಾಡಿಕೊಡ್ತಾರ” ಅಂತ ಕೆಲವರು ಅಂತಾರ. ಖರೇ, ಅವರ ಕೈ ನಮಗಿಂತ ಚಲೋ. ಆದ್ರ ನನ್ನ ಶೆಡ್ಡಿನಾಗ ಏನು ನಡದದ ಅಂತ ಅವರಿಗೆ ಹ್ಯಾಂಗ ಗೊತ್ತಾಗಬೇಕು? ಅವರೂ ಅದ ಎಲಿ, ಅದ ಮುದ್ರಿ ಹಚ್ಚಿಕೊಡ್ತಾರ. ಲೇಬಲ್ ಅಂದ್ರ ಕೊಳ್ಳೋರಿಗೆ ನಾವು ಕೊಡೋ ಮಾತು. ಅದನ್ನ ನಾವೇ ಬರಿಯೋದು ಕಲೀಬೇಕು ಅಂತ ನನ್ನ ಅಭಿಪ್ರಾಯ.

ಕಲಿಯೋರು ಸಂಜೀಕ ಮನಿ ಕಡೆ ಬರ್ರಿ, ಗೊತ್ತಿದ್ದಷ್ಟು ತೋರಿಸ್ತೀನಿ. ಬರೋಮುಂದ ನಿಮ್ಮ ಮಾಲಿನ ಫೋಟೋ ತಗೊಂಡು ಬರ್ರಿ, ನಿಮ್ಮದೇ ಇರಲಿ.