ಮುಂಗೈ ಮೇಲಿನ ಒಂದು ಸಾಲು

ನೆಚ್ಚಿನ ಹಾಡಿನ ಸಾಲೊಂದನ್ನು ಬೆಳಿಗ್ಗೆ ಮುಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಕಾಲೇಜಿಗೋ ಕೆಲಸಕ್ಕೋ ಹೊರಡುವುದನ್ನು ಹುಡುಗಾಟವೆಂದು ತಳ್ಳಿಹಾಕಬಾರದು. ಮೈಮೇಲೆ ಗುರುತು ಹೊರುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಕೊರವಂಜಿಯರು ಊರೂರು ತಿರುಗಿ ಹಚ್ಚೆ ಹುಯ್ಯುತ್ತಿದ್ದರು, ಸೂಜಿಯ ನೋವು ಮರೆಸಲು ಹಾಡನ್ನೂ ಹೇಳುತ್ತಿದ್ದರು. ಹೀಗೆ ಬರೆದುಕೊಳ್ಳಲು ತುಮಕೂರು ಸೀಮೆಗೆ ಸಾಲುಗಳ ಬರವೂ ಇಲ್ಲ: ಕುಣಿಗಲ್ ಕೆರೆಯ ಜನಪದ ಗೀತೆಯಿದೆ, ಎಡೆಯೂರಿನ ತೋಂಟದ ಸಿದ್ಧಲಿಂಗರ ವಚನಗಳಿವೆ, 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ನಾಡಿಗೆಲ್ಲ ಹಂಚಿದ ರಂಗಗೀತೆಗಳಿವೆ. ಹಾಗಿದ್ದರೆ ಹಚ್ಚೆಯನ್ನೇ ಏಕೆ ಹಾಕಿಸಿಕೊಳ್ಳಬಾರದು? ಸೂಜಿ ಒಳಚರ್ಮಕ್ಕೆ ಇಳಿಸಿದ ಬಣ್ಣ ಅಲ್ಲೇ ಉಳಿಯುತ್ತದೆ. ಸದಾ ಉಳಿದದ್ದಕ್ಕೆ ಕಣ್ಣು ಬೇಗ ಒಗ್ಗಿಬಿಡುತ್ತದೆ. ಪೆನ್ನಿನ ಶಾಯಿ ಮೇಲ್ಪದರದಲ್ಲೇ ನಿಂತು ಬೆವರಿಗೆ, ಸೋಪಿಗೆ ಮಾಸುತ್ತದೆ. ಮಾಸುವುದೇ ಇದರ ಬಲ. ಮರುದಿನ ಯಾವ ಸಾಲು ಬೇಕೆಂದು ಮತ್ತೆ ಯೋಚಿಸಬೇಕು, ಎಡಗೈ ಹಿಡಿದು ನಿಧಾನವಾಗಿ ಅಕ್ಷರ ಬಿಡಿಸಬೇಕು.

ಬಾಲ್‌ಪೆನ್ನಿನ ಶಾಯಿ ಚರ್ಮಕ್ಕೆಂದು ಮಾಡಿದ್ದಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಗಾಯ, ತುರಿಕೆ ಇದ್ದಲ್ಲಿ ಬರೆಯಬಾರದು; ಪೆನ್ನಿನ ಬದಲು ಮೆಹಂದಿಯಲ್ಲಿ ಬರೆಯುವುದಾದರೆ, ಕಪ್ಪು ಮೆಹಂದಿಗೆ ಬೆರೆಸುವ ಪಿಪಿಡಿ ರಾಸಾಯನಿಕ ಬೊಬ್ಬೆ ಎಬ್ಬಿಸಬಲ್ಲದು, ಸಾದಾ ಗೋರಂಟಿಯೇ ಮೇಲು. ಪರೀಕ್ಷೆಯ ದಿನ ಮಾತ್ರ ಕೈ ಖಾಲಿಯಿರಲಿ, ನಕಲಿನ ಅನುಮಾನಕ್ಕೆ ಎಡೆ ಬೇಡ. ಹೀಗೆ ಸಾಲು ಬರೆದುಕೊಳ್ಳುವುದು ಖಿನ್ನತೆಗೆ ಮದ್ದೇ ಎಂದರೆ ಅಲ್ಲ, ಖಂಡಿತ ಅಲ್ಲ. ದಿನಗಟ್ಟಲೆ ಏಳಲೇ ಮನಸ್ಸಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಬೇಕು. ಆದರೆ ಗುಬ್ಬಿಯಿಂದ ತುಮಕೂರಿಗೆ ಕಿಕ್ಕಿರಿದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಹುಡುಗಿಗೆ ತನ್ನದೇ ಕೈಬರಹ ಕಣ್ಣೆದುರಿಗೇ ಇರುತ್ತದೆ, ಮೊಬೈಲ್ ತೆರೆಯಬೇಕಿಲ್ಲ. ಮನೆಯವರು ಉಜ್ಜಿ ತೊಳೆಸುವ ಮುನ್ನ ಅದು ಯಾವ ಹಾಡೆಂದು ಕೇಳಲಿ.