ಇಳಿದದ್ದು ಅಂಕಿ, ಬೆಲೆಯಲ್ಲ

2022ರ ಸೆಪ್ಟೆಂಬರ್‌ನಲ್ಲಿ ಶ್ರೀಲಂಕಾದ ಕೊಲಂಬೊ ಗ್ರಾಹಕ ಬೆಲೆ ಸೂಚ್ಯಂಕವು ದಾಖಲಿಸಿದ ಹಣದುಬ್ಬರ ಶೇ. 69.8. ಆಹಾರದ್ದಂತೂ ಶೇ. 94.9. ವಿದೇಶಿ ವಿನಿಮಯ ಬರಿದಾಗಿ ರೂಪಾಯಿ ಕುಸಿದಿತ್ತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಹಠಾತ್ತನೆ ನಿಷೇಧಿಸಿದ ಸರಕಾರವು ಗದ್ದೆಗಳನ್ನೂ ಸೊರಗಿಸಿತ್ತು. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಆ ಅಂಕಿ ಶೇ. 1.3ಕ್ಕಿಳಿಯಿತು. ಇದನ್ನು ಸಾಧನೆಯೆಂದು ಬಣ್ಣಿಸುವ ಆಸೆ ಯಾವ ಆಡಳಿತಗಾರನಿಗೆ ತಾನೇ ಇರದು? ಆದರೆ 2021ರಲ್ಲಿ ನೂರು ರೂಪಾಯಿಗೆ ದೊರೆಯುತ್ತಿದ್ದ ಸಾಮಗ್ರಿಗೆ ಆಗ ಸುಮಾರು 172 ರೂಪಾಯಿ ತೆರಬೇಕಿತ್ತು. ತಗ್ಗಿದ್ದು ಏರಿಕೆಯ ವೇಗ ಮಾತ್ರ. ಅಲ್ಲದೆ ಈ ಸೂಚ್ಯಂಕ ಅಳೆಯುವುದು ಕೊಲಂಬೊ ಜಿಲ್ಲೆಯ ನಗರವಾಸಿಗಳ ಖರ್ಚನ್ನು. ಬೆಟ್ಟದ ಚಹಾ ತೋಟದ ಕಾರ್ಮಿಕರ ಅಡುಗೆಮನೆ ಅದರೊಳಗಿಲ್ಲ. ಇಡೀ ದೇಶದ ಸೂಚ್ಯಂಕ ಬೇರೆಯೇ ಇದೆ. ನಾವು ಕೇಳುವುದಿಷ್ಟೇ: ಆ ಹೆಚ್ಚುವರಿ 72 ರೂಪಾಯಿಯಷ್ಟು ಕೂಲಿ ಯಾರಿಗೆ ಏರಿತು?